ಖೋಡದ್‌ನ ತಟ್ಟೆಗಳಿಗೆ ರೈಲಿನಿಂದ ಏನು ತೊಂದರೆ?

ಪುಣೆಯಿಂದ ನಾಸಿಕಕ್ಕೆ ಹಾಕಬೇಕೆಂದಿರುವ ಹೊಸ ರೈಲುಮಾರ್ಗ ಯಾವ ಊರುಗಳನ್ನು ಹಾಯ್ದು ಹೋಗಬೇಕು ಎಂಬ ಚರ್ಚೆ ಈಚೆಗೆ ಇಲ್ಲಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ನಾರಾಯಣಗಾಂವ್ ಸುತ್ತಲಿನ ಜನ ಆ ರೈಲಿಗಾಗಿ ಬಹುಕಾಲದಿಂದ ಕಾದಿದ್ದಾರೆ. ಆದರೆ ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ನಾರಾಯಣಗಾಂವ್‌ಗೆ ಹತ್ತಿರದ ಖೋಡದ್ ಎಂಬ ಹಳ್ಳಿಯಲ್ಲಿ, ಜೈಂಟ್ ಮೀಟರ್‌ವೇವ್ ರೇಡಿಯೋ ಟೆಲಿಸ್ಕೋಪ್ ಇದೆ. ಜಿಎಂಆರ್‌ಟಿ ಎಂದು ಎಲ್ಲರೂ ಕರೆಯುವ ಈ ದೂರದರ್ಶಕದ ಕೆಲಸಕ್ಕೆ ರೈಲಿನಿಂದ ಅಡ್ಡಿಯಾಗುತ್ತದೆ ಎಂಬ ಕಾರಣಕ್ಕೆ ಮಾರ್ಗವನ್ನು ಬೇರೆ ಕಡೆಯಿಂದ ಒಯ್ಯುವ ಮಾತು ಬಂದಿದೆ.

ನಮ್ಮ ಕನ್ನಡ ಬಳಗದ ಒಂದು ಭಾನುವಾರದ ಕೂಟದಲ್ಲಿ, ನಿವೃತ್ತಿಯ ನಂತರ ಪಿಂಪರಿಯಲ್ಲಿ ಮಗನ ಮನೆಯಲ್ಲಿರುವ ವಿಜಯಪುರದ ಕಡೆಯ ಹಿರಿಯರೊಬ್ಬರು ಇದನ್ನೇ ಎತ್ತಿ ಕೇಳಿದರು: “ರೈಲು ನೆಲದ ಮ್ಯಾಲೆ ಓಡ್ತದ, ಚುಕ್ಕಿ ಮುಗಿಲಾಗ ಅದಾವ. ಇದಕ್ಕೂ ಅದಕ್ಕೂ ಏನ್ ಸಂಬಂಧರೀ?” ಪ್ರಶ್ನೆ ಸರಳವಾಗಿತ್ತು, ನ್ಯಾಯವಾಗಿಯೂ ಇತ್ತು. ಉತ್ತರವನ್ನು ಮಾತ್ರ ಎರಡು ವಾಕ್ಯದಲ್ಲಿ ಮುಗಿಸಲಾಗಲಿಲ್ಲ. ಮಾರ್ಗ ಎಲ್ಲಿ ಹೋಗಬೇಕೆಂಬುದನ್ನು ತೀರ್ಮಾನಿಸುವವರು ಬೇರೆ. ಆ ಹಿರಿಯರು ಕೇಳಿದ ಸಂಬಂಧ ಯಾವುದು ಎಂಬುದನ್ನಷ್ಟೇ ಬುಡದಿಂದ ಬಿಡಿಸಿ ಹೇಳುವುದು ಈ ಬರಹದ ಕೆಲಸ.

ಕಣ್ಣಿಗೆ ಕಾಣದ ಬೆಳಕು

ದೂರದರ್ಶಕ ಎಂದೊಡನೆ ನಮಗೆ ನೆನಪಾಗುವುದು ಕಣ್ಣಿಟ್ಟು ನೋಡುವ ಕೊಳವೆ. ಖೋಡದ್‌ನಲ್ಲಿ ಅಂಥ ಕೊಳವೆಯೂ ಇಲ್ಲ, ಮಸೂರವೂ ಇಲ್ಲ. ಅಲ್ಲಿನ ತಟ್ಟೆಗಳು ಹಿಡಿಯುವುದು ರೇಡಿಯೋ ಅಲೆಗಳನ್ನು. ಸೂರ್ಯನ ಬೆಳಕು, ಎಕ್ಸ್‌-ರೇ, ಒಲೆಯ ಕೆಂಡದಿಂದ ಬರುವ ಕಾವು, ಆಕಾಶವಾಣಿಯ ಪ್ರಸಾರ ಇವೆಲ್ಲವೂ ಒಂದೇ ಜಾತಿಯ ಅಲೆಗಳು. ಎಲ್ಲವೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತವೆ. ಅವುಗಳ ನಡುವಿನ ವ್ಯತ್ಯಾಸವೆಲ್ಲ ಇರುವುದು ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಎಷ್ಟು ಅಂತರ ಎಂಬುದರಲ್ಲಿ. ಆ ಅಂತರಕ್ಕೆ ತರಂಗಾಂತರ ಎನ್ನುತ್ತಾರೆ. ಒಂದು ಸೆಕೆಂಡಿನಲ್ಲಿ ಎಷ್ಟು ಉಬ್ಬುಗಳು ನಮ್ಮನ್ನು ದಾಟಿ ಹೋಗುತ್ತವೆ ಎಂಬ ಎಣಿಕೆಗೆ ಆವರ್ತನ ಎನ್ನುತ್ತಾರೆ. ಸೆಕೆಂಡಿಗೆ ಹತ್ತು ಲಕ್ಷ ಉಬ್ಬುಗಳಾದರೆ ಅದು ಒಂದು ಮೆಗಾಹರ್ಟ್ಸ್.

ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು ಒಂದು ಮಿಲಿಮೀಟರಿನ ಎರಡು ಸಾವಿರ ಪಾಲುಗಳಲ್ಲಿ ಒಂದು ಪಾಲು. ಮನೆಯ ರೇಡಿಯೋದಲ್ಲಿ ಮುಳ್ಳನ್ನು 100ರ ಬಳಿ ನಿಲ್ಲಿಸಿ ನಾವು ಕೇಳುವ ಎಫ್‌ಎಂ ಪ್ರಸಾರದ ತರಂಗಾಂತರ 3 ಮೀಟರ್. ಜಿಎಂಆರ್‌ಟಿ ಕೆಲಸ ಮಾಡುವುದು ಎಫ್‌ಎಂ ಮುಗಿಯುವ ಜಾಗದಿಂದ ತುಸು ಮೇಲಕ್ಕೆ, ಸುಮಾರು 120 ಮೆಗಾಹರ್ಟ್ಸ್‌ನಿಂದ 1,460 ಮೆಗಾಹರ್ಟ್ಸ್‌ವರೆಗೆ; ಅಂದರೆ ಎರಡೂವರೆ ಮೀಟರಿನಿಂದ 20 ಸೆಂಟಿಮೀಟರಿನವರೆಗಿನ ಅಲೆಗಳಲ್ಲಿ.

ರೇಡಿಯೋ ಎಂದ ಕೂಡಲೇ ನಕ್ಷತ್ರಗಳು ಸದ್ದು ಮಾಡುತ್ತವೆ, ವಿಜ್ಞಾನಿಗಳು ಕಿವಿಗೆ ಹಚ್ಚಿಕೊಂಡು ಕೇಳುತ್ತಾರೆ ಎಂಬ ಕಲ್ಪನೆ ಅನೇಕರಿಗಿದೆ. ಆಕಾಶದಿಂದ ಸದ್ದು ಬರುವುದಿಲ್ಲ; ಗಾಳಿಯೇ ಇಲ್ಲದ ಕಡೆ ಸದ್ದು ಸಾಗದು. ನಮ್ಮ ಮನೆಯ ರೇಡಿಯೋ ಕೂಡ ಅಲೆಯನ್ನು ಹಿಡಿದು, ಅದನ್ನು ವಿದ್ಯುತ್ತಾಗಿಸಿ, ಆಮೇಲೆ ಸ್ಪೀಕರಿನಲ್ಲಿ ಸದ್ದಾಗಿ ಹೊರಡಿಸುತ್ತದೆ. ಖೋಡದ್‌ನಲ್ಲಿ ಹಿಡಿದ ಅಲೆ ಅಂಕಿಗಳಾಗುತ್ತದೆ, ಆ ಅಂಕಿಗಳಿಂದ ಕಂಪ್ಯೂಟರಿನಲ್ಲಿ ಚಿತ್ರ ಮೂಡುತ್ತದೆ.

ರೇಡಿಯೋ ಅಲೆಗಳಿಗೆ ಇನ್ನೊಂದು ಅನುಕೂಲವಿದೆ. ಅವು ಮೋಡವನ್ನು ಹಾಯ್ದು ಬರುತ್ತವೆ, ಹಗಲು ಬೆಳಕು ಅವನ್ನು ಮುಚ್ಚುವುದಿಲ್ಲ. ಪುಣೆಯ ಐಯುಕಾ ಸಂಸ್ಥೆ ಗಿರವಲಿಯಲ್ಲಿ ಇಟ್ಟಿರುವ 2 ಮೀಟರ್ ಕನ್ನಡಿಯ ದೂರದರ್ಶಕ ಸಹ್ಯಾದ್ರಿಯ ಮಳೆಗಾಲದಲ್ಲಿ ಮುಚ್ಚಿಕೊಂಡು ಕೂರಬೇಕಾಗುತ್ತದೆ. ಖೋಡದ್‌ನ ತಟ್ಟೆಗಳು ಆಷಾಢದ ಮಳೆಯಲ್ಲೂ ಮಧ್ಯಾಹ್ನದ ಬಿಸಿಲಲ್ಲೂ ಆಕಾಶವನ್ನು ನೋಡುತ್ತಿರಬಲ್ಲವು.

ನಾಲ್ಕು ನಿಮಿಷದ ಸುಳಿವು

ಆಕಾಶದಿಂದ ರೇಡಿಯೋ ಅಲೆ ಬರುತ್ತದೆ ಎಂಬುದು ಗೊತ್ತಾದದ್ದು ಖಗೋಳವಿಜ್ಞಾನಿಗಳಿಂದಲ್ಲ. 1930ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದ ಕಾರ್ಲ್ ಜಾನ್ಸ್‌ಕಿ ಎಂಬ ಎಂಜಿನಿಯರ್, ದೂರದ ರೇಡಿಯೋ ಸಂಭಾಷಣೆಗಳಲ್ಲಿ ಕರಕರ ಸದ್ದು ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತಿದ್ದರು. ಹತ್ತಿರದ ಸಿಡಿಲು, ದೂರದ ಸಿಡಿಲು ಎರಡನ್ನೂ ಗುರುತಿಸಿದ ಮೇಲೂ ಒಂದು ಸಣ್ಣ ಗುಸುಗುಸು ಉಳಿಯಿತು. ಅದು ದಿನಕ್ಕೊಮ್ಮೆ ಏರಿ ಇಳಿಯುತ್ತಿತ್ತು, ಆದ್ದರಿಂದ ಮೊದಲು ಸೂರ್ಯನ ಮೇಲೆ ಅನುಮಾನ ಬಂತು. ಆದರೆ ತಿಂಗಳುಗಟ್ಟಲೆ ಅಳೆದಾಗ, ಅದು ಮರಳಿ ಏರುತ್ತಿದ್ದದ್ದು 24 ಗಂಟೆಗಲ್ಲ, 23 ಗಂಟೆ 56 ನಿಮಿಷಕ್ಕೆ ಎಂದು ಕಂಡುಬಂತು.

ಈ ನಾಲ್ಕು ನಿಮಿಷದಲ್ಲಿ ಎಲ್ಲವೂ ಅಡಗಿದೆ. ಭೂಮಿ ತನ್ನ ಸುತ್ತ ತಿರುಗುತ್ತಲೇ ಸೂರ್ಯನನ್ನೂ ಸುತ್ತುವುದರಿಂದ, ಸೂರ್ಯನನ್ನು ಮತ್ತೆ ನೆತ್ತಿಗೆ ತರಲು ದಿನಕ್ಕೆ ಸುಮಾರು ಒಂದು ಡಿಗ್ರಿ ಹೆಚ್ಚು ತಿರುಗಬೇಕಾಗುತ್ತದೆ. ನಕ್ಷತ್ರಗಳ ಲೆಕ್ಕದಲ್ಲಿ ಆ ಹೆಚ್ಚುವರಿ ತಿರುವು ಬೇಕಿಲ್ಲ. ಹೀಗಾಗಿ ಯಾವುದೇ ನಕ್ಷತ್ರ ನಿನ್ನೆಗಿಂತ ಇಂದು ನಾಲ್ಕು ನಿಮಿಷ ಮೊದಲೇ ಹುಟ್ಟುತ್ತದೆ. ಮೃಗಶಿರೆಯನ್ನು ಒಂದು ತಿಂಗಳು ಗಮನಿಸಿದವರಿಗೆ ಅದು ಎರಡು ಗಂಟೆ ಮುಂಚೆಯೇ ಮೇಲೇರಿರುವುದು ಕಾಣುತ್ತದೆ. ಜಾನ್ಸ್‌ಕಿ ಹಿಡಿದ ಗುಸುಗುಸು ನಕ್ಷತ್ರಗಳ ವೇಳೆಯನ್ನು ಪಾಲಿಸುತ್ತಿತ್ತು, ಸೂರ್ಯನ ವೇಳೆಯನ್ನಲ್ಲ. ಅಂದ ಮೇಲೆ ಅದು ಬರುತ್ತಿದ್ದದ್ದು ಸೌರವ್ಯೂಹದ ಆಚೆಯಿಂದ. ಅದು ನಮ್ಮ ಆಕಾಶಗಂಗೆಯಿಂದ, ಮುಖ್ಯವಾಗಿ ಧನು ರಾಶಿಯ ದಿಕ್ಕಿನಲ್ಲಿರುವ ಅದರ ನಡುಭಾಗದಿಂದ ಬರುತ್ತಿದೆ ಎಂದು ಅವರು 1933ರಲ್ಲಿ ಪ್ರಕಟಿಸಿದರು.

ನಮ್ಮ ದೇಶದಲ್ಲಿ ಈ ವಿದ್ಯೆ ಬೇರೂರಿದ್ದು ಮುಂಬಯಿಯ ಪಕ್ಕದಲ್ಲೇ ಎಂಬುದನ್ನು ಇಲ್ಲಿನ ಕನ್ನಡಿಗರು ತಿಳಿದಿರಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದ ಗೋವಿಂದ ಸ್ವರೂಪ್, ಆಸ್ಟ್ರೇಲಿಯ ಕೊಡುಗೆಯಾಗಿ ಕೊಟ್ಟ 32 ಸಣ್ಣ ತಟ್ಟೆಗಳನ್ನು 1965ರಲ್ಲಿ ಕಲ್ಯಾಣದಲ್ಲಿ ಜೋಡಿಸಿ ಸೂರ್ಯನನ್ನು 610 ಮೆಗಾಹರ್ಟ್ಸ್‌ನಲ್ಲಿ ಗಮನಿಸಿದರು. ಪ್ರತಿ ತಟ್ಟೆಯ ಅಗಲ ಎರಡು ಮೀಟರಿಗೂ ಕಡಿಮೆ. ಅಲ್ಲಿಂದ ಅವರ ತಂಡ ಊಟಿಗೆ ಹೋಗಿ, ಬೆಟ್ಟದ ಇಳಿಜಾರಿಗೆ ಒರಗಿಸಿದಂತೆ 530 ಮೀಟರ್ ಉದ್ದದ ದೂರದರ್ಶಕವನ್ನು 1970ರ ವೇಳೆಗೆ ಕಟ್ಟಿತು. ಖೋಡದ್‌ನದು ಅದರ ಮುಂದಿನ ಹೆಜ್ಜೆ. ಡೊಂಬಿವಲಿಯಿಂದ ಕಲ್ಯಾಣಕ್ಕೆ ದಿನವೂ ಲೋಕಲ್ ಹಿಡಿಯುವ ಎಷ್ಟೋ ಮಂದಿಗೆ, ತಾವು ಇಳಿಯುವ ಊರಿನಲ್ಲಿ ಈ ಕಥೆ ಶುರುವಾಯಿತು ಎಂಬುದು ಗೊತ್ತಿಲ್ಲ.

ತಟ್ಟೆಯ ತುಂಬ ತೂತು

ಖೋಡದ್‌ನಲ್ಲಿ ಒಟ್ಟು 30 ತಟ್ಟೆಗಳಿವೆ, ಒಂದೊಂದರ ಅಗಲ 45 ಮೀಟರ್. ದೂರದಿಂದ ಬಿಳಿ ಬಟ್ಟಲಿನಂತೆ ಕಾಣುವ ಅದರ ಬುಡದಲ್ಲಿ ನಿಂತು ತಲೆ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ತಟ್ಟೆಯಲ್ಲ, ತಟ್ಟೆಯ ಮೂಲಕ ಕಾಣುವ ನೀಲಿ ಆಕಾಶ. ಹೊದಿಕೆಯೆಲ್ಲ ಬರೀ ಬಲೆ. ಅರ್ಧ ಮಿಲಿಮೀಟರಿಗಿಂತ ತುಸು ದಪ್ಪದ ಸ್ಟೀಲ್ ತಂತಿಯಿಂದ ನೇಯ್ದ ಆ ಬಲೆಯ ಕಣ್ಣುಗಳು ನಡುವೆ 10 ಮಿಲಿಮೀಟರ್, ಅಂಚಿಗೆ ಹೋದಂತೆ 20 ಮಿಲಿಮೀಟರ್. ಗಾಳಿ ಬೀಸಿದರೆ ಅದರೊಳಗಿಂದಲೇ ಹಾದುಹೋಗುತ್ತದೆ.

ಇಷ್ಟು ತೂತಿರುವ ತಟ್ಟೆ ಅಲೆಗಳನ್ನು ಹಿಡಿಯುವುದು ಹೇಗೆ? ರವೆ ಜರಡಿಯಲ್ಲಿ ರವೆ ಇಳಿಯುತ್ತದೆ, ಕಡಲೆ ಇಳಿಯುವುದಿಲ್ಲ. ಕಣ್ಣಿನ ಅಳತೆಗಿಂತ ಅಲೆಯ ಅಳತೆ ಬಹಳ ದೊಡ್ಡದಿದ್ದರೆ ಆ ಅಲೆಗೆ ಬಲೆಯೂ ಒಂದೇ, ನುಣುಪಾದ ಲೋಹದ ಹಾಳೆಯೂ ಒಂದೇ. 21 ಸೆಂಟಿಮೀಟರ್ ಅಥವಾ 2 ಮೀಟರ್ ಅಲೆಗೆ ಒಂದೆರಡು ಸೆಂಟಿಮೀಟರಿನ ತೂತು ಲೆಕ್ಕಕ್ಕೇ ಇಲ್ಲ, ಅದು ತಟ್ಟೆಗೆ ಬಡಿದು ಮೇಲಕ್ಕೆ ಚಿಮ್ಮಿ, ನಾಲ್ಕು ಕಾಲುಗಳ ಮೇಲೆ ಕೂರಿಸಿದ ಗ್ರಾಹಕದಲ್ಲಿ ಒಟ್ಟುಗೂಡುತ್ತದೆ. ಬೆಳಕಿನ ಸಣ್ಣ ಅಲೆ ಮಾತ್ರ ಅದೇ ಬಲೆಯೊಳಗಿಂದ ನುಸುಳಿ ನಮ್ಮ ಕಣ್ಣಿಗೆ ಆಕಾಶವನ್ನು ತೋರಿಸುತ್ತದೆ. ಮೈಕ್ರೋವೇವ್ ಒಲೆಯ ಬಾಗಿಲಿನ ಗಾಜಿನಲ್ಲಿರುವ ಸಣ್ಣ ತೂತುಗಳ ಹಾಳೆಯದೂ ಇದೇ ಉಪಾಯ: ಒಳಗಿನ ಅಡುಗೆ ಕಾಣುತ್ತದೆ, ಅಲೆ ಹೊರಗೆ ಬರುವುದಿಲ್ಲ.

ಬಲೆಯನ್ನು ಹಿಡಿದಿಡುವ ರಚನೆ ಇನ್ನೂ ಸೊಗಸು. ಬಾಗಿದ ಉಕ್ಕಿನ ಚೌಕಟ್ಟುಗಳ ನಡುವೆ ಉಕ್ಕಿನ ಹಗ್ಗಗಳನ್ನು ಬಿಗಿದು, ಅವುಗಳ ಮೇಲೆ ಬಲೆಯನ್ನು ಎಳೆದು ಕಟ್ಟಿದ್ದಾರೆ. ನಮ್ಮ ಅಟ್ಟದ ಮೇಲಿನ ಹಗ್ಗದ ಮಂಚವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದರಿಂದ ತೂಕ ಇಳಿಯಿತು, ಗಾಳಿಯ ಹೊಡೆತ ಇಳಿಯಿತು, ಖರ್ಚೂ ಇಳಿಯಿತು. ಇಷ್ಟು ದೊಡ್ಡ 30 ತಟ್ಟೆಗಳನ್ನು ಕಟ್ಟಲು ಸಾಧ್ಯವಾದದ್ದೇ ಈ ವಿನ್ಯಾಸದಿಂದ.

ಚುಕ್ಕಿ ಇಟ್ಟು ರಂಗೋಲಿ ತುಂಬುವ ಬಗೆ

ದೂರದರ್ಶಕದ ಗುಣ ಎರಡರಲ್ಲಿದೆ. ಎಷ್ಟು ಅಲೆಯನ್ನು ಬಾಚಿಕೊಳ್ಳುತ್ತದೆ ಎಂಬುದು ಒಂದು, ಹತ್ತಿರ ಹತ್ತಿರ ಇರುವ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲದೇ ಎಂಬುದು ಇನ್ನೊಂದು. ಈ ಎರಡನೆಯದನ್ನು ವಿಭೇದನ ಎನ್ನುತ್ತಾರೆ. ಅಲೆ ಉದ್ದವಾದಷ್ಟೂ ವಿಭೇದನ ಕೆಡುತ್ತದೆ, ದೂರದರ್ಶಕ ಅಗಲವಾದಷ್ಟೂ ಸುಧಾರಿಸುತ್ತದೆ. ರೇಡಿಯೋ ಅಲೆ ಬೆಳಕಿಗಿಂತ ಲಕ್ಷಾಂತರ ಪಟ್ಟು ಉದ್ದವಿರುವುದರಿಂದ, 21 ಸೆಂಟಿಮೀಟರ್ ಅಲೆಯಲ್ಲಿ 45 ಮೀಟರಿನ ಒಂದೇ ತಟ್ಟೆಗೆ ಇಡೀ ಹುಣ್ಣಿಮೆಯ ಚಂದ್ರ ಹೆಚ್ಚುಕಡಿಮೆ ಒಂದೇ ಮಸುಕಾದ ಬೊಟ್ಟು. ನಮ್ಮ ಬರಿಗಣ್ಣಿನಷ್ಟು ಸ್ಪಷ್ಟತೆ ಬೇಕೆಂದರೂ ಸುಮಾರು 700 ಮೀಟರ್ ಅಗಲದ ತಟ್ಟೆ ಬೇಕು. ಅದನ್ನು ಕಟ್ಟಿ ತಿರುಗಿಸುವುದು ಆಗದ ಮಾತು.

ಆಗದ ಮಾತನ್ನು ಸಣ್ಣ ತಟ್ಟೆಗಳನ್ನು ದೂರ ದೂರ ಇಟ್ಟು ಆಗಿಸಿದರು. ಖೋಡದ್‌ನ 30ರಲ್ಲಿ 14 ತಟ್ಟೆಗಳು ಸುಮಾರು ಒಂದು ಕಿಲೋಮೀಟರ್ ಹರವಿನಲ್ಲಿ ಗುಂಪಾಗಿವೆ. ಉಳಿದ 16 ಮೂರು ಕವಲುಗಳಾಗಿ ಹೊಲಗದ್ದೆಗಳ ನಡುವೆ ಹರಡಿವೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 25 ಕಿಲೋಮೀಟರ್.

ಅಕ್ಕಪಕ್ಕದ ಮನೆಗಳಲ್ಲಿ ಕುಕ್ಕರ್ ಕೂಗಿದರೆ ಯಾವ ಕಡೆಯಿಂದ ಕೂಗಿತೆಂದು ನೋಡದೆಯೇ ಹೇಳುತ್ತೇವೆ. ಸದ್ದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ತುಸು ತಡವಾಗಿ ತಲುಪುತ್ತದೆ. ಆ ಅಂತರದಿಂದಲೂ ಮಿದುಳು ದಿಕ್ಕನ್ನು ಅಳೆಯುತ್ತದೆ. ಎರಡು ತಟ್ಟೆಗಳ ಕೆಲಸವೂ ಹೀಗೆಯೇ. ಒಂದೇ ಅಲೆ ಒಂದು ತಟ್ಟೆಯನ್ನು ಮೊದಲು ಮುಟ್ಟಿ ಇನ್ನೊಂದನ್ನು ಆಮೇಲೆ ಮುಟ್ಟುತ್ತದೆ. 25 ಕಿಲೋಮೀಟರ್ ಅಂತರಕ್ಕೆ ಈ ತಡ ಹೆಚ್ಚೆಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ 83 ಪಾಲು. ಎಲ್ಲ ತಟ್ಟೆಗಳ ಸಂಕೇತಗಳೂ ಆಪ್ಟಿಕಲ್ ಫೈಬರ್ ಮೂಲಕ ಒಂದು ಕಡೆ ಬಂದು, ಅಲ್ಲಿ ತಡವನ್ನು ಸರಿಪಡಿಸಿ ಜೋಡಿ ಜೋಡಿಯಾಗಿ ಹೋಲಿಸಲಾಗುತ್ತದೆ. ಮೂವತ್ತು ಮಂದಿ ಸೇರಿದ ಕೂಟದಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರ ಕೈ ಕುಲುಕಿದರೆ 435 ಸಲ ಆಗುತ್ತದೆ. ಜಿಎಂಆರ್‌ಟಿಯಲ್ಲಿ ಜೋಡಿಗಳೂ ಅಷ್ಟೇ.

ಆದರೂ 25 ಕಿಲೋಮೀಟರಿನ ದೊಡ್ಡ ತಟ್ಟೆಗೆ ಹೋಲಿಸಿದರೆ ಇವು ಖಾಲಿ ಅಂಗಳದಲ್ಲಿಟ್ಟ ಕೆಲವೇ ಚುಕ್ಕಿಗಳು. ನಡುವಿನ ಜಾಗವನ್ನು ತುಂಬುವವಳು ಭೂಮಿ. ಅವಳು ತಿರುಗುತ್ತಿದ್ದಂತೆ, ಆಕಾಶದ ಕಡೆಯಿಂದ ನೋಡಿದರೆ ಪ್ರತಿ ಜೋಡಿಯ ದಿಕ್ಕು ಮತ್ತು ಅಂತರ ಬದಲಾಗುತ್ತಾ ಹೋಗುತ್ತದೆ. ಒಂದೇ ಜೋಡಿ ಹತ್ತು ಗಂಟೆಯಲ್ಲಿ ಒಂದು ಬಾಗಿದ ಗೆರೆ ಎಳೆದಂತಾಗುತ್ತದೆ. 435 ಜೋಡಿಗಳು ಹೀಗೆ ಗೆರೆ ಎಳೆದಾಗ ಅಂಗಳದ ಬಹುಪಾಲು ತುಂಬಿ ರಂಗೋಲಿ ಮೂಡುತ್ತದೆ. ಖಾಲಿ ಉಳಿದ ಕಡೆ ಏನಿರಬಹುದೆಂಬುದನ್ನು ಗಣಿತದಿಂದ ಅಂದಾಜು ಮಾಡುತ್ತಾರೆ. ಈ ವಿಧಾನವನ್ನು ರೂಪಿಸಿದ ಬ್ರಿಟನ್ನಿನ ಮಾರ್ಟಿನ್ ರೈಲ್ ಅವರಿಗೆ 1974ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಇದರ ಫಲವಾಗಿ ಜಿಎಂಆರ್‌ಟಿ 21 ಸೆಂಟಿಮೀಟರ್ ಅಲೆಯಲ್ಲಿ ಕಾಣಬಲ್ಲ ಸೂಕ್ಷ್ಮತೆ, ಹತ್ತು ರೂಪಾಯಿಯ ನಾಣ್ಯವನ್ನು ಎರಡೂವರೆ ಕಿಲೋಮೀಟರ್ ಆಚೆ ಹಿಡಿದಾಗ ಅದು ಎಷ್ಟು ಚಿಕ್ಕದಾಗಿ ಕಾಣುತ್ತದೋ ಸುಮಾರು ಅಷ್ಟು.

ಜಲಜನಕದ ಗುರುತು

21 ಸೆಂಟಿಮೀಟರ್ ಎಂಬ ಅಳತೆ ಮತ್ತೆ ಮತ್ತೆ ಬರುವುದಕ್ಕೆ ಕಾರಣವಿದೆ. ವಿಶ್ವದಲ್ಲಿ ಅತಿ ಹೆಚ್ಚಾಗಿರುವ ಮೂಲವಸ್ತು ಜಲಜನಕ. ಅದರ ಪರಮಾಣುವಿನಲ್ಲಿ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಎರಡೂ ಪುಟ್ಟ ಬುಗುರಿಗಳಂತೆ ವರ್ತಿಸುತ್ತವೆ. ಅವುಗಳ ದಿಕ್ಕು ಒಂದೇ ಆಗಿದ್ದದ್ದು ತಾನಾಗಿ ತಿರುಗಿ ಎದುರುಬದುರಾದಾಗ 1,420 ಮೆಗಾಹರ್ಟ್ಸ್‌ನ, ಅಂದರೆ 21 ಸೆಂಟಿಮೀಟರಿನ ಅಲೆ ಹೊರಡುತ್ತದೆ. ಒಂದು ಪರಮಾಣು ಹೀಗೆ ತಾನಾಗಿ ತಿರುಗಲು ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಬೇಕು. ಆದರೆ ಒಂದು ಗ್ಯಾಲಕ್ಸಿಯಲ್ಲಿರುವ ಜಲಜನಕ ಎಣಿಕೆಗೆ ಸಿಗದಷ್ಟು, ಆದ್ದರಿಂದ ಯಾವ ಗಳಿಗೆಯಲ್ಲಾದರೂ ಎಲ್ಲೋ ಒಂದಷ್ಟು ತಿರುಗುತ್ತಲೇ ಇರುತ್ತವೆ. ಈ ಅಲೆಯನ್ನು ಮೊದಲು ಹಿಡಿದದ್ದು 1951ರಲ್ಲಿ.

ವಿಶ್ವ ಹಿಗ್ಗುತ್ತಿರುವುದರಿಂದ ದೂರದ ಗ್ಯಾಲಕ್ಸಿಯ ಅಲೆ ದಾರಿಯಲ್ಲಿ ತಾನೂ ಹಿಗ್ಗುತ್ತದೆ. ಎಷ್ಟು ಹಿಗ್ಗಿದೆ ಎಂಬುದರಿಂದ ಅದು ಎಷ್ಟು ಹಿಂದೆ ಹೊರಟಿತೆಂದು ತಿಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಜಿಎಂಆರ್‌ಟಿಯ ಮಾಹಿತಿಯಿಂದ ಇಂಥ ಒಂದು ಸಂಕೇತವನ್ನು ಗುರುತಿಸಿದ್ದನ್ನು 2023ರ ಜನವರಿಯಲ್ಲಿ ತಿಳಿಸಿದರು. ಅದು ಹೊರಟಾಗ ವಿಶ್ವದ ವಯಸ್ಸು ಸುಮಾರು 490 ಕೋಟಿ ವರ್ಷ. ದಾರಿಯಲ್ಲಿ ಕಳೆದದ್ದು ಸುಮಾರು 880 ಕೋಟಿ ವರ್ಷ. 21 ಸೆಂಟಿಮೀಟರ್ ಇದ್ದ ಅಲೆ ಖೋಡದ್ ತಲುಪುವಾಗ 48 ಸೆಂಟಿಮೀಟರ್ ಆಗಿತ್ತು. ನಡುವೆ ಅಡ್ಡ ಇದ್ದ ಇನ್ನೊಂದು ಗ್ಯಾಲಕ್ಸಿಯ ಗುರುತ್ವ ಭೂತಗನ್ನಡಿಯಂತೆ ಅದನ್ನು ಹಲವು ಪಟ್ಟು ಹಿಗ್ಗಿಸಿ ಕೊಟ್ಟಿದ್ದರಿಂದ ಅದು ಸಿಕ್ಕಿತು.

1,400ರಿಂದ 1,427 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡಬಾರದೆಂಬ ಅಂತಾರಾಷ್ಟ್ರೀಯ ಒಪ್ಪಂದವಿದೆ. ಅಷ್ಟೇ ಸಾಲದೇ ಎಂದು ಕೇಳಬಹುದು. ಆ ಪಟ್ಟಿ ಕಾಯುವುದು ನಮಗೆ ಹತ್ತಿರದ ಜಲಜನಕವನ್ನು ಮಾತ್ರ. ಈಗ ಹೇಳಿದ ಸಂಕೇತ ಬಂದದ್ದು 620 ಮೆಗಾಹರ್ಟ್ಸ್ ಬಳಿ, ಕಾವಲಿಲ್ಲದ ಜಾಗದಲ್ಲಿ. ಹಿಂದೆ ಹಿಂದೆ ನೋಡಿದಷ್ಟೂ ಅಲೆ ಕೆಳಕ್ಕಿಳಿದು, ಟಿವಿ, ಮೊಬೈಲ್, ವಿಮಾನ, ಎಫ್‌ಎಂ ಬಳಸುವ ಆವರ್ತನಗಳ ನಡುವೆ ಬಂದು ಬೀಳುತ್ತದೆ. ಅಲ್ಲಿ ಅದನ್ನು ಕಾಯಬಲ್ಲದ್ದು ಕಾಗದದ ಮೇಲಿನ ಪಟ್ಟಿಯಲ್ಲ, ದೂರದರ್ಶಕದ ಸುತ್ತಲಿನ ನಿಶ್ಶಬ್ದ.

ಎಷ್ಟು ಕ್ಷೀಣ ಎಂದರೆ

ಚಂದ್ರನ ಮೇಲೆ ಒಂದು ಸಾಧಾರಣ ಮೊಬೈಲ್ ಫೋನ್ ಇಟ್ಟು ಅದರಿಂದ ಕರೆ ಮಾಡಿದರೆ, ಭೂಮಿಯ ರೇಡಿಯೋ ದೂರದರ್ಶಕಗಳಿಗೆ ಅದು ಆ ಆವರ್ತನದಲ್ಲಿ ಇಡೀ ಆಕಾಶದ ಅತಿ ಪ್ರಬಲ ಮೂಲಗಳ ಸಾಲಿಗೆ ಸೇರುತ್ತದೆ. ಚಂದ್ರನ ದೂರ ಸುಮಾರು 3,84,000 ಕಿಲೋಮೀಟರ್. ಅಲ್ಲಿರುವ ಫೋನೇ ಹೀಗೆ ಬೆಳಗುವುದಾದರೆ, ತಟ್ಟೆಯ ಬುಡದಲ್ಲಿ ನಿಂತವರ ಜೇಬಿನಲ್ಲಿರುವುದು ಏನು ಮಾಡೀತು?

ಕ್ಷೀಣ ಸಂಕೇತವನ್ನು ಹಿಡಿಯುವ ಈ ಶಕ್ತಿಯನ್ನು 2016ರ ಅಕ್ಟೋಬರ್ 19ರಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆಯೂ ನೆಚ್ಚಿಕೊಂಡಿತ್ತು. ಅಂದು ಮಂಗಳನ ಮೇಲಿಳಿಯುತ್ತಿದ್ದ ಸ್ಕಿಯಾಪರೆಲ್ಲಿ ಎಂಬ ನೌಕೆಯ ಸಣ್ಣ ಪ್ರಸಾರವನ್ನು ಖೋಡದ್‌ನ ತಟ್ಟೆಗಳು ಹಿಡಿದವು. ನೌಕೆ ನೆಲ ಮುಟ್ಟುವ ಮುನ್ನವೇ ಸಂಕೇತ ನಿಂತುಹೋಯಿತು. ಅದು ಮಂಗಳನಿಗೆ ಅಪ್ಪಳಿಸಿತ್ತು.

ಕಿಡಿಗೆ ಒಂದು ಸ್ವರವಿಲ್ಲ

ಮಳೆಗಾಲದ ರಾತ್ರಿ ಮುಂಬಯಿಯ ಲೋಕಲ್ ರೈಲಿನ ಮೇಲ್ಗಡೆ, ತಂತಿಗೆ ತಾಗಿ ಜಾರುವ ಪ್ಯಾಂಟೋಗ್ರಾಫ್ ಬಳಿ ಚಟ್ಟೆಂದು ನೀಲಿ ಬೆಳಕು ಹೊಳೆಯುವುದನ್ನು ಪ್ಲಾಟ್‌ಫಾರ್ಮಿನಲ್ಲಿ ನಿಂತವರೆಲ್ಲ ನೋಡಿದ್ದಾರೆ. ಆ ತಂತಿಯಲ್ಲಿರುವುದು 25,000 ವೋಲ್ಟ್ ವಿದ್ಯುತ್. ಪ್ಯಾಂಟೋಗ್ರಾಫ್ ಒಂದು ಕ್ಷಣ ತಂತಿಯಿಂದ ಕೂದಲೆಳೆಯಷ್ಟು ಅಗಲಿದರೂ ನಡುವಿನ ಗಾಳಿಯಲ್ಲಿ ಕಿಡಿ ಹಾರುತ್ತದೆ. ನೀಲಿ ಬೆಳಕು ನಮಗೆ ಕಾಣುವ ಪಾಲು. ಅದರ ಜೊತೆಗೇ ರೇಡಿಯೋ ಅಲೆಯೂ ಹೊರಡುತ್ತದೆ. ಹಿಂದೆ ಮನೆಯಲ್ಲಿ ಟ್ಯೂಬ್‌ಲೈಟ್ ಹಾಕಿದಾಗ ರೇಡಿಯೋ ‘ಕರ್’ ಎನ್ನುತ್ತಿದ್ದದ್ದು ಇದೇ ಕಾರಣಕ್ಕೆ.

ಇತರ ಅಡ್ಡಿಗಳಿಗಿಂತ ಕಿಡಿ ಏಕೆ ಕಷ್ಟ ಎಂಬುದು ಇಲ್ಲಿನ ಮುಖ್ಯ ಸಂಗತಿ. ವೀಣೆಯ ತಂತಿ ಮೀಟಿದರೆ ಒಂದು ಸ್ವರ ಹೊಮ್ಮುತ್ತದೆ. ಬೇಡವಾದರೆ ಆ ಸ್ವರವನ್ನಷ್ಟೇ ಬಿಟ್ಟು ಉಳಿದದ್ದನ್ನು ಆಲಿಸಬಹುದು. ಪ್ರಸಾರ ಕೇಂದ್ರ ಅಥವಾ ಮೊಬೈಲ್ ಗೋಪುರ ಹಾಗೆ, ತನ್ನ ಆವರ್ತನದಲ್ಲಿ ನಿಲ್ಲುತ್ತದೆ. ಆ ಪಟ್ಟಿಯನ್ನು ಸೋಸುಕದಿಂದ ಕತ್ತರಿಸಬಹುದು. ಅಡುಗೆಮನೆಯಲ್ಲಿ ಪಾತ್ರೆಯ ಗೂಡು ಕುಸಿದರೆ ಬರುವ ಸದ್ದಿಗೆ ಸ್ವರವೇ ಇಲ್ಲ, ಎಲ್ಲ ಸ್ವರಗಳೂ ಅದರಲ್ಲಿವೆ. ಕಿಡಿಯೂ ಹಾಗೆ ಅತಿ ಚಿಕ್ಕ ಹೊತ್ತಿನಲ್ಲಿ ಎಲ್ಲ ಆವರ್ತನಗಳಿಗೂ ಚೆಲ್ಲಿಕೊಳ್ಳುತ್ತದೆ. ಕತ್ತರಿಸಹೋದರೆ ನಕ್ಷತ್ರದ ಅಲೆಯೂ ಜೊತೆಯಲ್ಲೇ ಹೋಗುತ್ತದೆ.

ದೂರ ಸರಿದಂತೆ ಅಡ್ಡಿ ಬೇಗ ಇಳಿಯುತ್ತದೆ: ಅಂತರ ಎರಡು ಪಟ್ಟಾದರೆ ಬಲ ಕಾಲು ಪಾಲಾಗುತ್ತದೆ, ನಡುವೆ ಗುಡ್ಡವಿದ್ದರೆ ಇನ್ನೂ ಕಡಿಮೆ. ದೂರ ದೂರದ ತಟ್ಟೆಗಳನ್ನು ಹೋಲಿಸುವಾಗ, ಒಂದಕ್ಕೆ ಮಾತ್ರ ಕೇಳಿದ ಗದ್ದಲ ಇನ್ನೊಂದರಲ್ಲಿ ಇಲ್ಲದಿರುವುದರಿಂದ ಒಂದಷ್ಟು ತಾನಾಗಿಯೇ ಕಳೆದುಹೋಗುತ್ತದೆ. ಆದರೆ ಈ ತಟ್ಟೆಗಳು 25 ಕಿಲೋಮೀಟರ್ ಹರವಿನಲ್ಲಿರುವುದರಿಂದ, ಅಲ್ಲಿ ಹಾದುಹೋಗುವ ರೈಲು ಒಂದಲ್ಲ ಒಂದು ತಟ್ಟೆಗೆ ಹತ್ತಿರವಾಗುತ್ತಲೇ ಹೋಗುತ್ತದೆ. ರೈಲಿನ ಮೋಟಾರು ನಿಯಂತ್ರಣದ ಉಪಕರಣ, ಸಿಗ್ನಲ್ ವ್ಯವಸ್ಥೆ, ಪ್ರಯಾಣಿಕರ ನೂರಾರು ಫೋನುಗಳು ಇದಕ್ಕೆ ಸೇರುತ್ತವೆ. ಜಿಎಂಆರ್‌ಟಿಗೆ ಖೋಡದ್ ಅನ್ನು ಆರಿಸಿದಾಗ ನೋಡಿದ ಮುಖ್ಯ ಗುಣಗಳಲ್ಲಿ ಮನುಷ್ಯರ ರೇಡಿಯೋ ಗದ್ದಲ ಕಡಿಮೆ ಇರುವುದೂ ಒಂದಾಗಿತ್ತು.

ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಖೋಡದ್‌ನಲ್ಲಿ ಶಾಲಾ ಮಕ್ಕಳಿಗಾಗಿ ದೊಡ್ಡ ಪ್ರದರ್ಶನ ನಡೆಯುತ್ತದೆ. ಬಳಗದ ಕೆಲವರು ಅದನ್ನು ನೋಡಲು ಹೋದಾಗ ಆ ಹಿರಿಯರೂ ಜೊತೆಗಿದ್ದರು. ಒಳಗೆ ಹೋಗುವ ಮೊದಲು ಎಲ್ಲರೂ ಫೋನ್ ಆರಿಸಿದೆವು. ಅವರು ತಮ್ಮ ಫೋನನ್ನು ಆರಿಸಿ ಜೇಬಿಗಿಟ್ಟು, ಮೊಮ್ಮಗ ಕೊಡಿಸಿದ್ದ ಕೈಗಡಿಯಾರವನ್ನು ಒಂದು ಸಲ ನೋಡಿಕೊಂಡರು. “ಇದೂ ಫೋನಿನ ಜೋಡಿ ಮಾತಾಡ್ತದಲ್ರೀ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅದನ್ನು ಬಿಚ್ಚಿ ಆರಿಸಿದರು.